ವೋಟು, ನಡವಳಿ ಪುಸ್ತಕ ಮತ್ತು ಊರಿನ ಆರೋಗ್ಯ

ಕೋಲಾರದ ಕಡೆ ಜನ ವೋಟು ಹಾಕುವುದಿಲ್ಲ ಎಂದು ಯಾರೂ ದೂರುವಂತಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಮೂರೂ ಕ್ಷೇತ್ರಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮತದಾರರು ಮತಗಟ್ಟೆಗೆ ಬಂದರು. ಪಕ್ಕದ ಬೆಂಗಳೂರು ನಗರದ ಕ್ಷೇತ್ರಗಳು ಅರ್ಧವನ್ನು ದಾಟಲು ಏದುಸಿರು ಬಿಟ್ಟವು. ಪಂಚಾಯಿತಿ ಚುನಾವಣೆ ಬಂದರಂತೂ ಬೆಂಗಳೂರಿಗೆ ಕೂಲಿಗೆ ಹೋದವರೂ ಹಿಂದಿನ ರಾತ್ರಿಯ ಬಸ್ಸು ಹಿಡಿದು ಊರು ಸೇರುತ್ತಾರೆ. ಇಷ್ಟೆಲ್ಲ ಆಗಿಯೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರಿಲ್ಲ, ನಾಯಿ ಕಚ್ಚಿದವರಿಗೆ ಇಂಜೆಕ್ಷನ್ ಇಲ್ಲ, ಶುದ್ಧ ನೀರಿನ ಘಟಕಕ್ಕೆ ಬೀಗ ಬಿದ್ದಿದೆ ಎಂಬ ಮಾತು ಹಳ್ಳಿ ಹಳ್ಳಿಯಲ್ಲೂ ಕೇಳುತ್ತದೆ. ನಮ್ಮ ಮತದಿಂದ ಗೆದ್ದವರ ಕೈಯಲ್ಲಿ ಆಸ್ಪತ್ರೆಯ ಯಾವ ಕೆಲಸವಿದೆ, ನೀರಿನ ಯಾವ ಕೆಲಸವಿದೆ, ಅದನ್ನು ಯಾವ ಸಭೆಯಲ್ಲಿ ಕೇಳಬೇಕು, ಯಾವ ಪುಸ್ತಕದಲ್ಲಿ ಬರೆಸಬೇಕು ಎಂಬುದು ತಿಳಿಯದೆ ಹೋದಾಗ ಹೀಗಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮತಕ್ಕೂ ಆರೋಗ್ಯಕ್ಕೂ ನಂಟು ಇದೆ ಎಂಬುದಕ್ಕೆ ಗಟ್ಟಿ ಆಧಾರಗಳಿವೆ. ಅಮೆರಿಕದ ರಾಜ್ಯಗಳು ಒಂದೊಂದಾಗಿ ಹೆಂಗಸರಿಗೆ ಮತದಾನದ ಹಕ್ಕು ಕೊಟ್ಟ ಕಾಲವನ್ನು ಅರ್ಥಶಾಸ್ತ್ರಜ್ಞ ಗ್ರಾಂಟ್ ಮಿಲ್ಲರ್ 2008ರಲ್ಲಿ ಲೆಕ್ಕ ಹಾಕಿ ನೋಡಿದರು. ಹಕ್ಕು ಬಂದ ಬೆನ್ನಿಗೇ ಸ್ಥಳೀಯ ಸರ್ಕಾರಗಳು ಸಾರ್ವಜನಿಕ ಆರೋಗ್ಯಕ್ಕೆ ಮಾಡುವ ಖರ್ಚು ಏರಿತ್ತು, ಮಕ್ಕಳ ಸಾವು ಶೇ 8ರಿಂದ 15ರಷ್ಟು ಇಳಿದಿತ್ತು. ಬ್ರೆಜಿಲ್‌ನಲ್ಲಿ ಮತಯಂತ್ರ ಬರುವ ಮೊದಲು ಓದಲು ಬಾರದವರ ಎಷ್ಟೋ ಮತಗಳು ತಪ್ಪಾಗಿ ತುಂಬಿದವೆಂದು ತಿರಸ್ಕೃತವಾಗುತ್ತಿದ್ದವು. ಯಂತ್ರ ಬಂದು ಆ ಬಡವರ ಮತ ಎಣಿಕೆಗೆ ಸಿಕ್ಕ ಮೇಲೆ ಸರ್ಕಾರದ ದುಡ್ಡು ಆರೋಗ್ಯದ ಕಡೆ ಹರಿಯಿತು, ಬಡ ಗರ್ಭಿಣಿಯರ ತಪಾಸಣೆ ಹೆಚ್ಚಿತು, ತೂಕ ಕಡಿಮೆಯ ಹೆರಿಗೆಗಳು ತಗ್ಗಿದವು. ನಮ್ಮ ದೇಶದಲ್ಲೇ ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳನ್ನು ನೋಡಿದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಅವರಿಗೆ, ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಕಡೆ ಕುಡಿಯುವ ನೀರಿಗೆ ಹೆಚ್ಚು ಕೆಲಸ ನಡೆದದ್ದು ಕಂಡಿತು. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರದೇ. ಅಧ್ಯಕ್ಷರ ಕುರ್ಚಿಯಲ್ಲಿ ಗಂಡ ಕೂತು ಹೆಂಡತಿ ರುಜು ಮಾತ್ರ ಹಾಕುವ ಕಡೆ ಈ ಲಾಭ ಊರಿಗೆ ಸಿಗುವುದಿಲ್ಲ. ಇದನ್ನು ನೇರವಾಗಿಯೇ ಹೇಳಬೇಕು.

ಹಾಗೆಯೇ, ಸಭೆ ಸೇರಿಸಿದರೆ ಸಾಕು ಎಂಬ ನಂಬಿಕೆಯೂ ಪರೀಕ್ಷೆಗೆ ಒಳಗಾಗಿದೆ. ಉಗಾಂಡದಲ್ಲಿ ಊರಿನವರೇ ಆಸ್ಪತ್ರೆಯ ಕೆಲಸವನ್ನು ಅಳೆದು ಸಿಬ್ಬಂದಿಯ ಜೊತೆ ಕೂತು ಮಾತಾಡಿದಾಗ ಐದು ವರ್ಷದೊಳಗಿನ ಮಕ್ಕಳ ಸಾವು ಮೂರರಲ್ಲೊಂದು ಪಾಲು ಇಳಿಯಿತೆಂದು 2009ರ ಅಧ್ಯಯನ ಹೇಳಿತು. ಅದನ್ನೇ ಮುಂದೆ ಇನ್ನೂ ಹೆಚ್ಚು ಕೇಂದ್ರಗಳಲ್ಲಿ ಮಾಡಿ ನೋಡಿದಾಗ ಆ ಇಳಿಕೆ ಮತ್ತೆ ಕಾಣಲಿಲ್ಲ. ಮಾತಿನ ಹಿಂದೆ ಅಧಿಕಾರ, ಹಣ, ಬರಹ ಮೂರೂ ಇರಬೇಕು ಎಂದು ನಾನು ಅದನ್ನು ಓದುತ್ತೇನೆ.

ಈಗ ಅಧಿಕಾರದ ವಿಷಯ. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಯಾದಾಗ ಸೇರಿದ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳಿವೆ. 11ನೆಯದು ಕುಡಿಯುವ ನೀರು. 23ನೆಯದು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಸೇರಿದಂತೆ ಆರೋಗ್ಯ ಮತ್ತು ನೈರ್ಮಲ್ಯ. ನಮ್ಮಲ್ಲಿ ಇದು ಹಂಚಿಹೋಗಿರುವ ರೀತಿ ಹೀಗೆ: ನಲ್ಲಿ, ಬೋರ್‌ವೆಲ್, ಓವರ್‌ಹೆಡ್ ಟ್ಯಾಂಕು, ಚರಂಡಿ, ಕಸ ಗ್ರಾಮ ಪಂಚಾಯಿತಿಯದು. ಪ್ರಾಥಮಿಕ ಆರೋಗ್ಯ ಕೇಂದ್ರದ ಆಡಳಿತ ಜಿಲ್ಲಾ ಪಂಚಾಯಿತಿಯದು. ಡಾಕ್ಟರ ನೇಮಕಾತಿ, ಔಷಧಿ ಖರೀದಿ ರಾಜ್ಯ ಸರ್ಕಾರದ್ದು. ಹಾಗಾಗಿ ಗ್ರಾಮ ಪಂಚಾಯಿತಿ ಸದಸ್ಯರನ್ನು ಅಡ್ಡಗಟ್ಟಿ ಡಾಕ್ಟರ್ ಯಾಕಿಲ್ಲ ಎಂದು ಕೇಳಿದರೆ ಅವರು ತಲೆ ತಗ್ಗಿಸಿಯಾರೇ ಹೊರತು ಡಾಕ್ಟರನ್ನು ತರಲಾರರು. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಯಾಕೆ ಹಾಕಿಸಿಲ್ಲ ಎಂದು ಕೇಳಿದರೆ ಮಾತ್ರ ಅವರು ಉತ್ತರ ಕೊಡಲೇಬೇಕು.

ಈ ಏಣಿಯ ನಡುವಿನ ಮೆಟ್ಟಿಲೇ ಮುರಿದಿದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆದು, ಅವುಗಳ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತಾ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅಧಿಕಾರಿಗಳೇ ಆಡಳಿತ ನಡೆಸಿದರು. ಜಿಲ್ಲಾ ಪಂಚಾಯಿತಿಯಲ್ಲಿ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಎಂಬುದೊಂದಿದೆ. ಜಿಲ್ಲಾ ಆರೋಗ್ಯಾಧಿಕಾರಿಯನ್ನು ಎದುರಿಗೆ ಕೂರಿಸಿಕೊಂಡು ಯಾವ ಕೇಂದ್ರದಲ್ಲಿ ಎಷ್ಟು ಹುದ್ದೆ ಖಾಲಿ, ಯಾವ ಔಷಧಿ ಎಂದಿನಿಂದ ಇಲ್ಲ ಎಂದು ಚುನಾಯಿತರು ಕೇಳುತ್ತಿದ್ದ ಜಾಗ ಅದು. ಶ್ರೀನಿವಾಸಪುರದ ಮೂಲೆಯ ಹಳ್ಳಿಯವರಿಗೂ ಅಲ್ಲಿ ಒಬ್ಬ ಸದಸ್ಯರಿರುತ್ತಿದ್ದರು. ಆ ಕುರ್ಚಿಗಳು ಖಾಲಿಯಾದಾಗ ಉಳಿದದ್ದು ಶಾಸಕರ ಅಧ್ಯಕ್ಷತೆಯ ತಾಲ್ಲೂಕು ಕೆಡಿಪಿ (ಎಲ್ಲ ಇಲಾಖೆಗಳ ಕೆಲಸದ ಪರಿಶೀಲನೆ) ಸಭೆ ಮತ್ತು ಉಸ್ತುವಾರಿ ಸಚಿವರ ಜಿಲ್ಲಾ ಕೆಡಿಪಿ ಸಭೆ. ರಸ್ತೆ, ಕರೆಂಟು, ಬಗರ್ ಹುಕುಂ ಎಲ್ಲದರ ನಡುವೆ ಅಲ್ಲಿ ಆರೋಗ್ಯಕ್ಕೆ ಸಿಗುವ ನಿಮಿಷಗಳು ತೀರಾ ಕಡಿಮೆ. ಆರೋಗ್ಯದ ಮೇಲೆ ಮತದ ಪರಿಣಾಮ ಏನೆಂದು ಕೇಳುವವರು ಈ ಮತವೇ ಇಲ್ಲದ ವರ್ಷಗಳನ್ನು ನೋಡಬೇಕು. ಇದಕ್ಕಾಗಿ ಬೀದಿಗಿಳಿದವರು ಎಷ್ಟು ಕಡಿಮೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಗ್ರಾಮ ಪಂಚಾಯಿತಿಯ ಕೈಯಲ್ಲಿರುವ ನೀರನ್ನು ಹತ್ತಿರದಿಂದ ನೋಡೋಣ. ಈ ಜಿಲ್ಲೆಗಳಲ್ಲಿ ನೀರಿಗೆ ಎರಡು ಕಾಯಿಲೆ. ಒಂದು ಆಳದ ಬೋರ್‌ವೆಲ್ಲಿನಿಂದ ಬರುವ ಫ್ಲೋರೈಡ್. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಮಕ್ಕಳಿಗೆ ಸುಮಾರು ಎಂಟು ವರ್ಷವಾಗುವುದರೊಳಗೆ ಹಲ್ಲಿನ ಮೇಲೆ ಬಿದ್ದ ಕಂದು ಕಲೆ ಮತ್ತೆ ಹೋಗದು. ಅದಕ್ಕೇ ಅಂಗನವಾಡಿ ಮತ್ತು ಶಾಲೆಗೆ ಬರುವ ನೀರನ್ನು ಮೊದಲು ಪರೀಕ್ಷಿಸಬೇಕು. ಜಲ ಜೀವನ್ ಮಿಷನ್‌ನಲ್ಲಿ ಊರಿಗೆ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ಸಾಮಾನ್ಯವಾಗಿ ಸಿಗುವ ಕಿಟ್‌ನಲ್ಲಿ ಫ್ಲೋರೈಡ್ ದ್ರಾವಣ ಹಾಕಿದಾಗ ಗುಲಾಬಿ ಬಣ್ಣ ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ದ್ರಾವಣದ ಅವಧಿ ಮುಗಿದಿದ್ದರೆ ಬಣ್ಣವನ್ನು ನಂಬಬೇಡಿ. ಎಷ್ಟೋ ಪಂಚಾಯಿತಿಗಳಲ್ಲಿ ಕಿಟ್ ಬೀರುವಿನಲ್ಲೇ ಕೂತು ಹಳತಾಗಿರುತ್ತದೆ.

ಶುದ್ಧ ಕುಡಿಯುವ ನೀರಿನ ಘಟಕ ಕೆಡುವ ರೀತಿಯೂ ಬಹುತೇಕ ಒಂದೇ. ನಿರ್ವಹಣೆಯ ಗುತ್ತಿಗೆ ಮುಗಿಯುತ್ತದೆ, ಫ್ಲೋರೈಡ್ ತಡೆಯುವ ಸೋಸು ಪೊರೆ, ಅಂದರೆ ಮೆಂಬ್ರೇನ್, ಬದಲಿಸುವವರಿಲ್ಲ, ನೀರು ಬರುವ ವೇಗ ಕುಗ್ಗುತ್ತದೆ, ಕೊನೆಗೆ ಯಾರೋ ಮೆಂಬ್ರೇನ್ ಬಿಟ್ಟು ಬರೀ ಮರಳು ಸೋಸುಕದ ಮೂಲಕ ನೀರು ಹಾಯಿಸುತ್ತಾರೆ. ಜನ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತಲೇ ಇರುತ್ತಾರೆ. ಫ್ಲೋರೈಡ್ ಹಾಗೇ ಬರುತ್ತಿರುತ್ತದೆ. ಘಟಕದ ಒಳಹೋಗುವ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) ಮತ್ತು ಹೊರಬರುವ ನೀರಿನ ಟಿಡಿಎಸ್ ಎರಡನ್ನೂ ಗೋಡೆಯ ಮೇಲೆ ಬರೆದು ಹಾಕಬೇಕೆಂದು ವಾರ್ಡ್ ಸಭೆಯಲ್ಲಿ ನಿರ್ಣಯ ಮಾಡಿಸಿ. ಎರಡೂ ಅಂಕಿ ಹತ್ತಿರ ಹತ್ತಿರ ಬಂದ ದಿನ ಮೆಂಬ್ರೇನ್ ಸತ್ತಿದೆ ಎಂದೇ ಅರ್ಥ.

ಎರಡನೆಯ ಕಾಯಿಲೆ ಕೊಳಚೆ ಸೇರುವುದು. ಪೈಪು ಚರಂಡಿಯೊಳಗೇ ಹಾದುಹೋಗಿರುತ್ತದೆ, ನೀರು ಬಿಡುವುದು ಮೂರು ನಾಲ್ಕು ದಿನಕ್ಕೊಮ್ಮೆ. ನೀರು ನಿಂತಾಗ ಖಾಲಿ ಪೈಪು ಬಿರುಕಿನಿಂದ ಕೊಳಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಮೊದಲ ನೀರಿಗೆ ವಾಸನೆ. ಬ್ಲೀಚಿಂಗ್ ಪೌಡರಿನ ಲೆಕ್ಕ ಕಷ್ಟವೇನಲ್ಲ: ಹೊಸ ಪೌಡರಿನಲ್ಲಿ ಸುಮಾರು ಶೇ 33ರಷ್ಟು ಕ್ಲೋರಿನ್ ಇರುತ್ತದೆ, 1,000 ಲೀಟರಿಗೆ ಸುಮಾರು 4 ಗ್ರಾಂ ಬೇಕು. 50,000 ಲೀಟರಿನ ಟ್ಯಾಂಕಿಗೆ 200 ಗ್ರಾಂ. ಬಾಯಿ ತೆರೆದಿಟ್ಟ ಚೀಲದಲ್ಲಿ ಕ್ಲೋರಿನ್ ಹಾರಿಹೋಗಿ ಶೇ 20ಕ್ಕೆ ಇಳಿದಿದ್ದರೆ ಅದೇ ಟ್ಯಾಂಕಿಗೆ 330 ಗ್ರಾಂ ಹಾಕಬೇಕಾಗುತ್ತದೆ. ಪೌಡರನ್ನು ನೇರ ಟ್ಯಾಂಕಿಗೆ ಸುರಿಯಬಾರದು. ಬಕೆಟ್ಟಿನಲ್ಲಿ ಮೊದಲು ಗಟ್ಟಿಯಾಗಿ ಕಲಸಿ, ಆಮೇಲೆ ನೀರು ಸೇರಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಬೇಕು. ಅರ್ಧ ಗಂಟೆಯಾದರೂ ಕಾದು ನೀರು ಬಿಡಬೇಕು. ಸರಿಯಾಗಿದೆಯೋ ಇಲ್ಲವೋ ಎಂಬುದು ಟ್ಯಾಂಕಿನ ಕೆಳಗಿನ ನಲ್ಲಿಯಲ್ಲಿ ಗೊತ್ತಾಗುವುದಿಲ್ಲ. ಬೀದಿಯ ಕಟ್ಟಕಡೆಯ ಮನೆಯ ನಲ್ಲಿಯಲ್ಲಿ ನೀರು ಹಿಡಿದು, ಕ್ಲೋರಿನ್ ಅಳೆಯುವ ಸಣ್ಣ ಕಿಟ್ಟಾದ ಕ್ಲೋರೋಸ್ಕೋಪಿನ ಹನಿ ಹಾಕಿ, ಹಳದಿ ಬಣ್ಣ ಮೂಡಿದ ತಕ್ಷಣ ಪಟ್ಟಿಯ ಜೊತೆ ಹೋಲಿಸಿ. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಸಿಕ್ಕರೆ ಸರಿ. ನೀರಗಂಟಿಯನ್ನು ಬೈದು ಪ್ರಯೋಜನವಿಲ್ಲ. ಎಷ್ಟೋ ಕಡೆ ಅವರಿಗೆ ಅಳತೆಯ ಕಪ್ಪೂ ಇಲ್ಲ, ಕ್ಲೋರೋಸ್ಕೋಪೂ ಇಲ್ಲ, ಸಂಬಳವೂ ತಿಂಗಳಿಗೆ ಸರಿಯಾಗಿ ಆಗಿರುವುದಿಲ್ಲ. ಅವನ್ನು ಕೊಡಿಸುವುದು ಪಂಚಾಯಿತಿಯ ಕೆಲಸ. 15ನೇ ಹಣಕಾಸು ಆಯೋಗ ಪಂಚಾಯಿತಿಗಳಿಗೆ ಕೊಟ್ಟ ಸಾಮಾನ್ಯ ಅನುದಾನದಲ್ಲಿ ಶೇ 60 ಪಾಲನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟಿತ್ತು. ದುಡ್ಡಿಲ್ಲ ಎಂಬ ಮಾತನ್ನು ಒಪ್ಪುವ ಮೊದಲು ಆ ಲೆಕ್ಕ ಕೇಳಿ.

ನೀರು ದಿನ ಬಿಟ್ಟು ದಿನ ಬಂದರೆ ಡ್ರಮ್ಮು, ತೊಟ್ಟಿಗಳಲ್ಲಿ ತುಂಬಿಡುವುದು ಅನಿವಾರ್ಯ. ಡೆಂಗ್ಯೂ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ಏಳರಿಂದ ಹತ್ತು ದಿನ. ವಾರಕ್ಕೊಮ್ಮೆ ತೊಟ್ಟಿ ಉಜ್ಜಿ ಒಣಗಿಸಿ ಎಂದು ಆಶಾ ಕಾರ್ಯಕರ್ತೆ ಹೇಳುವುದು ಇದಕ್ಕೇ.

ಹಳ್ಳಿಗೊಂದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿ ಇದೆ ಎಂಬುದು ಎಷ್ಟೋ ಊರುಗಳಲ್ಲಿ ಆಶಾ ಕಾರ್ಯಕರ್ತೆಗೆ ಬಿಟ್ಟರೆ ಬೇರೆಯವರಿಗೆ ಗೊತ್ತಿಲ್ಲ. ಪಂಚಾಯಿತಿ ಸದಸ್ಯರೊಬ್ಬರು ಅಧ್ಯಕ್ಷರು, ಆಶಾ ಸದಸ್ಯ ಕಾರ್ಯದರ್ಶಿ. ತಿಂಗಳಿಗೊಮ್ಮೆ ಸೇರಬೇಕು. ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾರ್ಗಸೂಚಿಯಂತೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ. ಸಣ್ಣ ಮೊತ್ತವೇ. ಆದರೆ ಕ್ಲೋರೋಸ್ಕೋಪ್, ಅಂಗನವಾಡಿಯ ತೂಕದ ಯಂತ್ರದ ರಿಪೇರಿ, ಬಡ ಬಾಣಂತಿಯನ್ನು ರಾತ್ರೋರಾತ್ರಿ ಸಾಗಿಸಲು ಆಟೋ ಬಾಡಿಗೆ, ಇವಕ್ಕೆ ಯಾರ ಮಂಜೂರಾತಿಗೂ ಕಾಯಬೇಕಿಲ್ಲದ ದುಡ್ಡು ಇದೊಂದೇ. ಇಲ್ಲಿ ಕೆಡುವುದು ಚುನಾವಣೆಯ ಮಾರನೇ ದಿನವೇ: ಹಳೆಯ ಸದಸ್ಯರು ಸೋತಿರುತ್ತಾರೆ, ಬ್ಯಾಂಕ್ ಖಾತೆಯಲ್ಲಿ ರುಜು ಅವರದೇ ಇರುತ್ತದೆ, ಹೊಸಬರಿಗೆ ಇಂಥದೊಂದು ಸಮಿತಿಗೆ ತಾವು ಅಧ್ಯಕ್ಷರೆಂದೇ ತಿಳಿದಿರುವುದಿಲ್ಲ. ಹಣ ಹಾಗೇ ಕೊಳೆಯುತ್ತದೆ. ಗೆದ್ದವರಿಗೆ ಹಾರ ಹಾಕುವ ದಿನವೇ ರುಜು ಬದಲಾವಣೆಯ ನಿರ್ಣಯವನ್ನೂ ನೆನಪಿಸುವ ಊರು ಜಾಣ ಊರು.

ವಾರ್ಡ್ ಸಭೆ, ಗ್ರಾಮ ಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂದು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ವಾರ್ಡ್ ಸಭೆ ಮೊದಲು. ಅಲ್ಲಿ ಬರೆಸದ ವಿಷಯ ಗ್ರಾಮ ಸಭೆಯಲ್ಲಿ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಕೋರಂ (ಕನಿಷ್ಠ ಹಾಜರಾತಿ) ಇದೆ, ಸೇರಿದವರಲ್ಲಿ ಶೇ 30ರಷ್ಟಾದರೂ ಮಹಿಳೆಯರಿರಬೇಕು. ಕಾಟಾಚಾರದ ಸಭೆಯನ್ನು ಗುರುತಿಸುವುದು ಸುಲಭ: ಡಂಗೂರ ಇಲ್ಲ, ನೋಟಿಸ್ ಪಂಚಾಯಿತಿ ಬಾಗಿಲಿಗೆ ಮಾತ್ರ, ರುಜು ಪುಸ್ತಕ ಆಮೇಲೆ ಮನೆ ಮನೆಗೆ ಬರುತ್ತದೆ. ಆ ಪುಸ್ತಕಕ್ಕೆ ರುಜು ಹಾಕಬೇಡಿ. ಸಭೆ ಶುರುವಾದ ಕೂಡಲೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕೇಳಬೇಕಾದ ಮಾತು ಒಂದು: “ಪಿಡಿಒ ಮೇಡಂ, ಹೋದ ಸಭೆಯ ನಿರ್ಣಯಗಳನ್ನು ಓದಿ, ಯಾವುದು ಆಯ್ತು ಯಾವುದು ಆಗಲಿಲ್ಲ ಹೇಳಿ.” ಮನೆ ಪಟ್ಟಿ, ಆಶ್ರಯ ನಿವೇಶನದ ಗಲಾಟೆ ಏಳುವ ಮೊದಲೇ ಇದು ಮುಗಿಯಬೇಕು. “ಮೆಂಬರ್ ಅಣ್ಣನಿಗೆ ಬಾಯಿ ಮಾತಲ್ಲಿ ಹೇಳಿದ್ದೀನಿ” ಎಂಬುದು ದಾಖಲೆಯಲ್ಲ. ‘ನೀರಿನ ಸಮಸ್ಯೆ ಬಗ್ಗೆ ಚರ್ಚಿಸಲಾಯಿತು’ ಎಂದು ಬರೆದರೆ ಅದೂ ನಿರ್ಣಯವಲ್ಲ. ಯಾವ ಬೀದಿ, ಯಾವ ಟ್ಯಾಂಕು, ಏನು ಕೆಲಸ, ಯಾವ ಅನುದಾನ, ಯಾವ ತಾರೀಖಿನೊಳಗೆ, ಯಾರು ಹೊಣೆ, ಇಷ್ಟೂ ನಡವಳಿ ಪುಸ್ತಕದಲ್ಲಿ ಬರಬೇಕು, ನಿರ್ಣಯಕ್ಕೆ ಸಂಖ್ಯೆ ಬೀಳಬೇಕು, ಪ್ರತಿ ಕೈಗೆ ಬರಬೇಕು. ಮುಂದಿನ ವರ್ಷದ ಕ್ರಿಯಾ ಯೋಜನೆ ಸಾಮಾನ್ಯವಾಗಿ ಗಾಂಧಿ ಜಯಂತಿಯಿಂದ ಜನವರಿ ಕೊನೆಯೊಳಗೆ ತಯಾರಾಗುತ್ತದೆ. ಮಾರ್ಚಿನಲ್ಲಿ ಹೋಗಿ ಕೇಳಿದರೆ ಅದು ಆಗಲೇ ಮುಗಿದ ಪುಟ.

ಆಸ್ಪತ್ರೆಯ ವಿಷಯಕ್ಕೆ ಬಂದರೆ ದೂರಿನ ಭಾಷೆ ಬದಲಾಗಬೇಕು. ಬಯಲು ಸೀಮೆಯಲ್ಲಿ 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000ಕ್ಕೊಂದು ಉಪಕೇಂದ್ರ ಎಂಬುದು ರಾಷ್ಟ್ರದ ಮಾನದಂಡ. ‘ಡಾಕ್ಟರಿಲ್ಲ’ ಎಂದರೆ ಹುದ್ದೆ ಭರ್ತಿಯಾಗಿದೆ ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಆಗಿರುವುದಿಲ್ಲ. ಕೇಳಬೇಕಾದ್ದು ನಾಲ್ಕು ಕಲಂ: ಮಂಜೂರಾದ ಹುದ್ದೆ, ಭರ್ತಿಯಾದದ್ದು, ಖಾಲಿ ಇರುವುದು, ನಿಯೋಜನೆ ಮೇಲೆ ಬೇರೆಡೆ ಹೋದದ್ದು. ನಾಲ್ಕನೆಯದರಲ್ಲಿ ಗುಟ್ಟಿರುತ್ತದೆ, ಸ್ಟಾಫ್ ನರ್ಸ್ ಕಾಗದದ ಮೇಲೆ ನಿಮ್ಮೂರಲ್ಲಿ, ಕೆಲಸ ತಾಲ್ಲೂಕು ಕೇಂದ್ರದಲ್ಲಿ. ಮಾಹಿತಿ ಹಕ್ಕಿನಲ್ಲಿ ಕೇಳಲು 10 ರೂಪಾಯಿ ಶುಲ್ಕ, ಬಿಪಿಎಲ್ ಇದ್ದರೆ ಅದೂ ಬೇಡ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹುದ್ದೆಗೊಂದು, ಔಷಧಿಗೊಂದು ಬೇರೆ ಬೇರೆ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ.

ನಾಯಿ ಕಡಿತದ ಇಂಜೆಕ್ಷನ್ನಿನ ಕತೆ ಇನ್ನೂ ಸೂಕ್ಷ್ಮ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7, 28ನೇ ದಿನ, ಪ್ರತಿ ಸಲ ಎರಡು ತೋಳಿಗೆ 0.1 ಎಂಎಲ್‌ನಂತೆ. ಅಂದರೆ ಒಬ್ಬರಿಗೆ 0.2 ಎಂಎಲ್; 1 ಎಂಎಲ್ ಬಾಟಲಿ ಒಡೆದರೆ ಐವರಿಗೆ ಸಾಕು, ಒಡೆದ ಮೇಲೆ ಆರರಿಂದ ಎಂಟು ಗಂಟೆಯೊಳಗೆ ಮುಗಿಸಬೇಕು. ಸಣ್ಣ ಕೇಂದ್ರಕ್ಕೆ ಒಬ್ಬರೇ ಬಂದಾಗ, ಉಳಿದದ್ದು ಹಾಳಾಗುತ್ತದೆಂದು ಸಿಬ್ಬಂದಿ ಬಾಟಲಿ ಒಡೆಯಲು ಹಿಂಜರಿಯುತ್ತಾರೆ, ತಾಲ್ಲೂಕು ಆಸ್ಪತ್ರೆಗೆ ಹೋಗಿ ಎನ್ನುತ್ತಾರೆ. ಮೊದಲ ಡೋಸಿಗೆ ಹೋದವರು ಬಸ್ ಚಾರ್ಜು, ಕೂಲಿ ಎರಡೂ ನೆನೆದು ಮೂರನೆಯದಕ್ಕೆ ಹೋಗುವುದಿಲ್ಲ. ರೇಬಿಸ್ ಬಂದ ಮೇಲೆ ಜೀವ ಉಳಿಯುವುದಿಲ್ಲವೆಂದೇ ಲೆಕ್ಕ. ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿ ಚುನಾಯಿತ ಪ್ರತಿನಿಧಿಗಳಿಗೂ ಜಾಗವಿದೆ. ‘ಒಬ್ಬರೇ ಬಂದರೂ ಬಾಟಲಿ ಒಡೆಯಬೇಕು, ವ್ಯರ್ಥವಾದದ್ದಕ್ಕೆ ಸಿಬ್ಬಂದಿಯನ್ನು ಹೊಣೆ ಮಾಡಬಾರದು’ ಎಂದು ಆ ಸಮಿತಿ ನಡವಳಿ ಬರೆದು ತಾಲ್ಲೂಕು ಆರೋಗ್ಯಾಧಿಕಾರಿಗೆ ಕಳಿಸಿದರೆ ನರ್ಸಮ್ಮನಿಗೂ ಧೈರ್ಯ ಬರುತ್ತದೆ.

ಊರಿನ ಗಡಿ ದಾಟಿದ ವಿಷಯಗಳಿಗೆ ಪಂಚಾಯಿತಿ ಸಭೆ ಸಾಲುವುದಿಲ್ಲ. ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಎರಡು ಹಂತ ಸಂಸ್ಕರಿಸಿದ ನೀರು 2018ರ ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಕಾಣಿಸಿತು, ಹೈಕೋರ್ಟು ತಡೆ ಕೊಟ್ಟಿತು. ಆಮೇಲೆ ಮತ್ತೆ ಹರಿಯಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೆರೆ ತುಂಬಿ ಬೋರ್‌ವೆಲ್ ಮೇಲೆ ಬಂದದ್ದಕ್ಕೆ ಸಂತೋಷಪಟ್ಟವರೂ, ಮೂರನೇ ಹಂತದ ಸಂಸ್ಕರಣೆ ಬೇಕೇ ಬೇಕೆಂದು ಹಟ ಹಿಡಿದವರೂ ಇದೇ ಜಿಲ್ಲೆಯವರು. ಎರಡೂ ನ್ಯಾಯವೇ. ನೀರಿನ ಗುಣಮಟ್ಟ ಸಾರ್ವಜನಿಕ ಚರ್ಚೆಯಾಗಿ ಉಳಿದದ್ದು ಹಟ ಹಿಡಿದವರಿಂದ.

ಕೊನೆಗೆ ಪಟ್ಟಿಗಳ ವಿಷಯ. ಒಂದು ಮನೆ ಮೂರು ಕಡೆ ದಾಖಲಾಗಿರುತ್ತದೆ: ಮತದಾರರ ಪಟ್ಟಿ, ರೇಷನ್ ಕಾರ್ಡು, ಆಶಾ ಕಾರ್ಯಕರ್ತೆಯ ಮನೆ ಸಮೀಕ್ಷೆ ಪುಸ್ತಕ. ಮದುವೆಯಾಗಿ ಬಂದ ಸೊಸೆಯ ವೋಟು ತವರಿನಲ್ಲಿ, ರೇಷನ್ ಕಾರ್ಡಿನಲ್ಲಿ ಹೆಸರು ಎಲ್ಲೂ ಇಲ್ಲ, ಗರ್ಭಿಣಿಯೆಂದು ಆಶಾ ಪುಸ್ತಕದಲ್ಲಿ ಮಾತ್ರ ಇದ್ದಾಳೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಆದರೆ ಅದಕ್ಕೆ ರೇಷನ್ ಕಾರ್ಡಿನ ಹೆಸರೇ ಆಧಾರ. ತುರ್ತು ಇಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಎಷ್ಟೋ ಕುಟುಂಬಗಳು ದಾಖಲಾದ ಮೇಲೆ ಚೀಟಿಗೆ ಓಡಾಡಿ ಕೊನೆಗೆ ಕೈಯಿಂದಲೇ ಕಟ್ಟುತ್ತವೆ. ಹಾಗಾಗಿ ಸೊಸೆ ಬಂದ ಮೊದಲ ತಿಂಗಳಲ್ಲೇ ರೇಷನ್ ಕಾರ್ಡಿಗೆ ಸೇರಿಸಲು ಅರ್ಜಿ ಹಾಕಿ, ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ತುಂಬಿ. 18 ತುಂಬಿದವರ ಹೊಸ ಹೆಸರಿಗೆ ನಮೂನೆ 6. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖು ಈ ನಾಲ್ಕೂ ಈಗ ಅರ್ಹತಾ ದಿನಗಳು. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿರುವುದು ಎಷ್ಟೋ ಕಡೆ ಮಗುವಿನ ತೂಕ ನೋಡುವ ಅಂಗನವಾಡಿ ಟೀಚರೇ. ಗ್ರಾಮ ಪಂಚಾಯಿತಿಯ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯನ್ನು ವಾರ್ಡುವಾರು ಬಿಡಿಸಿ. ಆಗ ಒಂದೇ ಬೀದಿಯ ಎಡ ಸಾಲು ಒಂದು ವಾರ್ಡಿಗೆ, ಬಲ ಸಾಲು ಇನ್ನೊಂದಕ್ಕೆ ಹೋಗಿಬಿಡುವುದುಂಟು. ಕರಡು ಪಟ್ಟಿಯನ್ನು ಪಂಚಾಯಿತಿ ಕಚೇರಿಯಲ್ಲಿ ಹಾಕಿದಾಗ ಹೆಸರಿದೆಯೇ ಎಂದಷ್ಟೇ ನೋಡದೆ, ನಿಮ್ಮ ಮನೆಗೆ ನೀರು ಬಿಡುವ ಟ್ಯಾಂಕು ಇರುವ ವಾರ್ಡಿನಲ್ಲೇ ಇದೆಯೇ ಎಂದೂ ನೋಡಿ, ಇಲ್ಲದಿದ್ದರೆ ಆಕ್ಷೇಪಣೆಯ ಅವಧಿ ಮುಗಿಯುವುದರೊಳಗೆ ಬರೆದು ಕೊಡಿ.